ಜಗಳ ಆಡುವ ಪುಸ್ತಕ ಮಾಡಿದ್ದು

ಪುಸ್ತಕವನ್ನು ಶಿಲ್ಪದ ಹಾಗೆ ಮಾಡಬೇಕು ಅಂದರೆ ಹಾಳೆ ಕೊರೆದು ಗಾಜಿನ ಪೆಟ್ಟಿಗೆಯಲ್ಲಿ ಇಡುವವರೇ ಜಾಸ್ತಿ. ನೋಡೋಕೆ ಚಂದ, ಆದರೆ ತೆರೆಯೋಕೇ ಆಗದ್ದು ನನಗೆ ಪುಸ್ತಕ ಅನ್ನಿಸುವುದಿಲ್ಲ. ಅದಕ್ಕೇ ನಾನು ಫ್ಲ್ಯಾಗ್ ಬುಕ್ ಹಿಡಿದೆ, ಅಂದರೆ ಮಡಚಿದ ಬೆನ್ನಿಗೆ ಬಾವುಟದ ಹಾಗೆ ಕಾಗದದ ಪಟ್ಟಿಗಳನ್ನು ಅಂಟಿಸಿದ ಪುಸ್ತಕ. ಪುಸ್ತಕ ಕಲಾವಿದೆ ಹೆಡಿ ಕೈಲ್ 1979ರಲ್ಲಿ ರೂಪಿಸಿದ ರಚನೆ ಇದು. ಕೈ ಹಾಕಿ ಎಳೆದರೇನೇ ಇದಕ್ಕೆ ಆಕಾರ.

ವಿಷಯ, ಅಕ್ಕ ತಂಗಿಯ ಫೋನ್ ಜಗಳ. ಪುಸ್ತಕದ ಬೆನ್ನಿಗೆ ಗಟ್ಟಿ ಕಾಗದವನ್ನು 2.5 ಸೆಂಟಿಮೀಟರ್ ಅಗಲಕ್ಕೆ ಹಿಂದೆ ಮುಂದೆ ಮಡಚುತ್ತಾ ಹೋದೆ. ಕಾಗದದ ನಾರು ಮಡಿಕೆಯ ಉದ್ದಕ್ಕೇ ಇರಬೇಕು, ಇಲ್ಲದಿದ್ದರೆ ಮಡಿಕೆ ಬಿರಿಯುತ್ತದೆ. ಹಾಳೆಯನ್ನು ಎರಡೂ ಕಡೆ ಸುಮ್ನೆ ಬಾಗಿಸಿ ನೋಡಿ, ಸುಲಭವಾಗಿ ಬಾಗುವ ಕಡೆ ಮಡಚಿದರೆ ಸರಿ.

ಪ್ರತಿ ಉಬ್ಬು ಮಡಿಕೆಗೆ ಮೂರು ಪಟ್ಟಿ. ಮೇಲಿನದು, ಕೆಳಗಿನದು ಅಕ್ಕನವು, ಮಡಿಕೆಯ ಎಡ ಮೈಗೆ ಅಂಟುತ್ತವೆ. ನಡುವಿನದು ತಂಗಿಯದು, ಬಲ ಮೈಗೆ. ಮುಚ್ಚಿದಾಗ ಮೂರೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ಎರಡೂ ಬದಿಯ ರಟ್ಟು ಹಿಡಿದು ಎಳೆದರೆ ಅಕ್ಕನ ಪಟ್ಟಿಗಳು ಬಲಕ್ಕೆ ವಾಲುತ್ತವೆ, ತಂಗಿಯವು ಎಡಕ್ಕೆ. ಒಂದನ್ನೊಂದು ದಾಟುವಾಗ ಪಟಪಟ ಸದ್ದು. ತೆಳು ಕಾಗದದಲ್ಲಿ ಈ ಸದ್ದು ಬರುವುದಿಲ್ಲ, 200 ಜಿಎಸ್‌ಎಮ್ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಮೇಲಿನದು ಬೇಕು. ಸಾಲುಗಳ ನಡುವೆ 3 ಮಿಲಿಮೀಟರ್ ಸಂದು ಬಿಡಿ, ಇಲ್ಲವಾದರೆ ಅಂಚುಗಳು ಸಿಕ್ಕಿಕೊಳ್ಳುತ್ತವೆ. ಅಂಟಿಸೋಕೆ ನನಗೆ ಡಬಲ್ ಸೈಡ್ ಟೇಪೇ ಇಷ್ಟ, ಗೋಂದಿನ ತೇವಕ್ಕೆ ಪಟ್ಟಿ ಸೊಟ್ಟಗಾಗುತ್ತದೆ.

ನಿಜವಾದ ಮಜಾ ಬರೆಯುವಾಗ. ಪಟ್ಟಿ 10 ಸೆಂಟಿಮೀಟರ್ ಉದ್ದ. ಪೂರ್ತಿ ಎಳೆದರೂ ಒಂದು ಪಟ್ಟಿಯಿಂದ ಅದೇ ಸಾಲಿನ ಮುಂದಿನ ಪಟ್ಟಿಗೆ 5 ಸೆಂಟಿಮೀಟರಿಗಿಂತ ಜಾಸ್ತಿ ದೂರ ಆಗಲ್ಲ. ಅಂದರೆ ಪ್ರತಿ ಪಟ್ಟಿಯೂ ಪಕ್ಕದ್ದರ ಅಡಿ ಅರ್ಧ ಅಡಗಿರುತ್ತದೆ. ಕಾಣುವ ಅರ್ಧದಲ್ಲಿ ಬಾಯಿಂದ ಬಂದ ಮಾತು ಬರೆದೆ, ಅಡಗುವ ಅರ್ಧದಲ್ಲಿ ಹೊಟ್ಟೆಯೊಳಗೇ ಉಳಿದದ್ದು. 'ನಿನಗೇನಕ್ಕಾ, ದೂರ ಇದ್ದೀಯ' ಅನ್ನುವುದು ಹೊರಗೆ. ಬೆರಳಿನಿಂದ ಎತ್ತಿದರೆ ಮಾತ್ರ 'ಒಂದ್ಸಲ ಬಂದು ಹೋಗೇ' ಸಿಗುತ್ತದೆ. ಜೋರಾಗಿ ಎಳೆದರೆ ಸದ್ದೇ ಹೊರತು ಯಾರ ಮಾತೂ ಓದೋಕಾಗಲ್ಲ. ಜಗಳ ಇರೋದೇ ಹಾಗಲ್ವಾ?

ಪ್ರದರ್ಶನಕ್ಕೆ ಗಾಜು ಹಾಕಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಕೈಯಾಡಿಸೋಕೆ ಅಂತಲೇ ಒಂದು ಪ್ರತಿ ಬೇರೆ, ಜೊತೆಗೆ ಬಿಡಿ ಪಟ್ಟಿಗಳು. ಕಿತ್ತರೆ ಹೊಸದು ಅಂಟಿಸಿದರಾಯಿತು. ಮೊದಲು ಕೊಳೆಯಾಗುವುದು ತಂಗಿಯ ಸಾಲು.