ಪೆಡಲ್ ಒದೆಯುವ ಗಾಡಿಗೆ ಎಬಿಎಸ್ ಯೂನಿಟ್ ಬದಲಿಸಬೇಕಾಗಿಲ್ಲ

ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಇಲ್ಲ, ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಇಲ್ಲ. ಆದರೆ ಗಾಡಿ ಇನ್ನೇನು ನಿಲ್ಲಬೇಕು ಅನ್ನುವಾಗ ಬ್ರೇಕ್ ಪೆಡಲ್ ಟರ್ರ್ ಅಂತ ಕಾಲಿಗೆ ಒದೆಯುತ್ತದೆ, ಗಾಡಿ ಮೂರ್ನಾಲ್ಕು ಅಡಿ ಮುಂದೆ ಹೋಗಿಬಿಡುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಹಳೆಯ ಕಾರುಗಳಲ್ಲಿ ಈ ಕಂಪ್ಲೇಂಟ್ ನೀವೂ ನೋಡಿರುತ್ತೀರಿ. ಮಳೆಗಾಲ ಮುಗಿದ ಮೇಲಂತೂ ಜಾಸ್ತಿ.

ನಮ್ಮ ಶಿವಮೊಗ್ಗದಲ್ಲಿ ಇದಕ್ಕೆ ಎರಡೇ ಮದ್ದು ನಡೆಯುತ್ತಿದ್ದವು. ಎಬಿಎಸ್ ಯೂನಿಟ್, ಅಂದರೆ ಚಕ್ರ ಲಾಕ್ ಆಗದಂತೆ ಬ್ರೇಕ್ ಬಿಟ್ಟು ಹಿಡಿಯುವ ಭಾಗ, ಬದಲಿಸಿ, ಸುಮಾರು 50 ಸಾವಿರ. ಇಲ್ಲವೇ ಎಬಿಎಸ್ ಫ್ಯೂಸ್ ಕಿತ್ತು ಕಳಿಸಿ. ಫ್ಯೂಸ್ ಕೀಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಜುಲೈನಲ್ಲಿ ಇಳಿಯುವವರು ನಮ್ಮ ಗಿರಾಕಿಗಳು. ರಸ್ತೆ ತುಂಬ ಒದ್ದೆ ಎಲೆ. ಮುಂದಿನ ಚಕ್ರ ಲಾಕ್ ಆದರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರವೇ ಜಾರುತ್ತದೆ. ಎಬಿಎಸ್ ಇರುವುದೇ ಆ ಗಳಿಗೆಗೆ. ಇಎಸ್‌ಸಿ (ಗಾಡಿ ಜಾರದಂತೆ ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ) ಇರುವ ಗಾಡಿಯಾದರೆ ಅದೂ ಫ್ಯೂಸಿನ ಜೊತೆಗೇ ಹೋಯಿತು. ಅದು ನಂಬಿರುವುದೂ ಅದೇ ಪಂಪನ್ನು, ಅದೇ ನಾಲ್ಕು ಚಕ್ರದ ಸೆನ್ಸರ್‌ಗಳನ್ನು ಅಲ್ವಾ?

ತಪ್ಪಿರುವುದು ಚಕ್ರದ ಸೆನ್ಸರ್‌ನಿಂದ ಬರುವ ಸಿಗ್ನಲ್‌ನಲ್ಲಿ ಅಂತ ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. "ಕೋಡೇ ಇಲ್ಲ ಅಂದಮೇಲೆ ಸೆನ್ಸರ್ ಹೇಗೆ ಕೆಡುತ್ತೆ ಮಾರಾಯ?" ಅಂದರು. ಹಳೆಯ ಕಾಯಿಲ್ ಸೆನ್ಸರ್‌ನಲ್ಲಿ ಚಕ್ರ ನಿಧಾನವಾದಷ್ಟೂ ಸಿಗ್ನಲ್ ಸಣ್ಣದಾಗುತ್ತದೆ. ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಉಬ್ಬಿದರೆ ಅದು ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗ್‌ನಿಂದ ದೂರ ಸರಿಯುತ್ತದೆ. ಇರಬೇಕಾದ ಸಂದು ಸುಮಾರು 1 ಮಿಲಿಮೀಟರ್. ಅದು ಚೂರು ಹೆಚ್ಚಿದರೂ ಕಡಿಮೆ ವೇಗದಲ್ಲಿ ಸಿಗ್ನಲ್ ಸತ್ತುಹೋಗುತ್ತದೆ. ಚಕ್ರ ಲಾಕ್ ಆಗಿದೆ ಅಂದುಕೊಂಡು ಯೂನಿಟ್ ಬ್ರೇಕ್ ಬಿಡುತ್ತದೆ. ಯೂನಿಟ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಕೋಡ್ ಯಾಕೆ ಬರಬೇಕು?

ಮೊದಮೊದಲು ಸೆನ್ಸರ್ ಬಿಚ್ಚಿ ತುದಿ ಒರೆಸಿ ಹಾಕಿದೆ. ಒಂದು ಮಳೆಗೆ ಗಾಡಿ ವಾಪಸ್. 900 ರೂಪಾಯಿಯ ಲೋಕಲ್ ಸೆನ್ಸರ್ ತಂದೆ, ತಿಂಗಳು ಬಾಳಲಿಲ್ಲ. ಒರಿಜಿನಲ್‌ಗೆ ಮೂರೂವರೆ ಸಾವಿರ ಕೊಟ್ಟು ಹಾಕಿದರೂ ಪೆಡಲ್ ಒದೆಯಿತು. ಆ ದುಡ್ಡೆಲ್ಲ ಕೈಯಿಂದಲೇ ಹೋಯಿತು, ಗಿರಾಕಿಯ ಹತ್ತಿರ ಕೇಳಲಿಲ್ಲ.

ಕೊನೆಗೆ ಏಳೆಂಟು ಸಾವಿರ ಹಾಕಿ ಸಿಗ್ನಲ್ ಅನ್ನು ಅಲೆಯಾಗಿ ತೋರಿಸುವ ಒಂದು ಚಿಕ್ಕ ಆಸಿಲೋಸ್ಕೋಪ್ ತಂದೆ. ಚಕ್ರ ಎತ್ತಿ, ಕೈಯಿಂದ ತಿರುಗಿಸಿ, ಎಡಬಲದ ಅಲೆಗಳನ್ನು ಒಟ್ಟಿಗೆ ನೋಡಿದೆ. ಒಂದು ಎತ್ತರ, ಇನ್ನೊಂದು ಅದರ ಅರ್ಧವೂ ಇಲ್ಲ. ಅಲೆ ಸುತ್ತಿಗೊಮ್ಮೆ ಮಾತ್ರ ಕುಗ್ಗಿದರೆ ತಪ್ಪು ರಿಂಗ್‌ನದ್ದು, ಎಲ್ಲ ಕಡೆ ಕುಗ್ಗಿದ್ದರೆ ಸಂದಿನದ್ದು. ಆ ಮೂಲೆಯ ಹಬ್ ಬಿಚ್ಚಿ, ಸೆನ್ಸರ್ ಕೂರುವ ಮುಖವನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ, ಲೇಪ ಹಚ್ಚಿ ಕೂರಿಸಿದೆ. ಯಾವ ಲೇಪ, ತುಕ್ಕಿನಲ್ಲಿ ಕಚ್ಚಿಕೊಂಡ ಪ್ಲಾಸ್ಟಿಕ್ ಸೆನ್ಸರನ್ನು ಮುರಿಯದೆ ಹೇಗೆ ತೆಗೆಯುತ್ತೇನೆ, ಅವೆರಡು ನನ್ನ ಹತ್ತಿರವೇ ಇರಲಿ. ಗ್ರೀಸ್ ಅಲ್ಲ ಅಂತಷ್ಟೇ ಹೇಳುತ್ತೇನೆ.

ಮೊದಲು ಹೀಗೆ ಮಾಡಿದ ಗಾಡಿ ಎರಡು ಮಳೆಗಾಲ ದಾಟಿದೆ. ನಕ್ಕವರೇ ಈಗ ಗಾಡಿ ಕಳಿಸುತ್ತಾರೆ. ಎರಡೂವರೆ ಸಾವಿರ ತೆಗೆದುಕೊಳ್ಳುತ್ತೇನೆ, ರಿಂಗ್ ಒಡೆದಿದ್ದರೆ ಅದರ ರೇಟು ಬೇರೆ.

ಈಗಿನ ಗಾಡಿಗಳ ಕಥೆ ಬೇರೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತಲ್ಲ, ಅವು ವಾರಂಟಿ ಮುಗಿಸಿ ನಮ್ಮ ಕಡೆ ಬರುತ್ತಿವೆ. ಹೆಚ್ಚಿನವುಗಳಲ್ಲಿ ಆಕ್ಟಿವ್ ಸೆನ್ಸರ್, ಅಂದರೆ ಒಳಗೇ ಎಲೆಕ್ಟ್ರಾನಿಕ್ಸ್ ಇರುವಂಥದ್ದು. ಅದಕ್ಕೆ ಮಲ್ಟಿಮೀಟರ್ ಹಿಡಿದು ಓಮ್ ನೋಡಬೇಡಿ, ಏನೂ ತಿಳಿಯುವುದಿಲ್ಲ. ವೇಗ ಎಷ್ಟಿದ್ದರೂ ಸಿಗ್ನಲ್ 7 ಮತ್ತು 14 ಮಿಲಿಆಂಪಿಯರ್ ನಡುವೆ ಕುಣಿಯುತ್ತದೆ. ಅನೇಕ ಗಾಡಿಗಳಲ್ಲಿ ರಿಂಗ್ ಕೂಡ ಬೇರಿಂಗ್‌ನ ಸೀಲ್‌ನಲ್ಲೇ ಇರುವ ಮ್ಯಾಗ್ನೆಟ್. ಬೇರಿಂಗ್ ತಿರುಗುಮುರುಗಾಗಿ ಪ್ರೆಸ್ ಮಾಡಿದರೆ ಮುಗಿಯಿತು, ಹೊಸ ಬೇರಿಂಗ್ ದಂಡ. ಪ್ರೆಸ್‌ಗೆ ಇಡುವ ಮೊದಲು ಒಂದು ಪೇಪರ್ ಕ್ಲಿಪ್ ತಾಗಿಸಿ ನೋಡಿ. ಎಳೆಯುವ ಬದಿ ಸೆನ್ಸರ್ ಕಡೆಗೆ ಬರಬೇಕು.

ನಡುವೆ ಬ್ರೇಕ್ ಆಯಿಲ್ ಮೇಲೂ ಒಂದು ಪ್ರಯೋಗ ಮಾಡಿದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿಕೊಂಡರೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ನಮ್ಮ ತೇವದ ಗಾಳಿಗೆ ಬೇಗ ಕೆಡುತ್ತದೆ ಅನ್ನುವುದು ನನ್ನ ಅನುಮಾನ. ಮೇಗರವಳ್ಳಿ, ಆಗುಂಬೆ ಕಡೆಯ ಗಾಡಿಗಳಿಗೆ ಆಯಿಲ್ ಹೀರಿದ ನೀರು ತೋರಿಸುವ ಟೆಸ್ಟರ್ ಪೆನ್ ಇಟ್ಟು ನೋಡಿದೆ. ಎರಡು ವರ್ಷ ದಾಟಿದವುಗಳಲ್ಲಿ ಹೆಚ್ಚಿನವಕ್ಕೆ ಕೆಂಪು ದೀಪ. ಪೆನ್ ಅಷ್ಟು ನಿಖರ ಅಲ್ಲ, ಆದರೂ ಘಾಟಿ ಇಳಿಯುವವರಿಗೆ ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತಲೇ ಹೇಳುತ್ತೇನೆ.

ಇನ್ನೊಂದು ವಿಷಯ. ಇಎಸ್‌ಸಿ ಗಾಡಿಗೆ ಅಲೈನ್‌ಮೆಂಟ್ ಮಾಡಿದ ಮೇಲೆ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್‌ನ ಸೊನ್ನೆ ಸರಿಯಿದೆಯಾ ಅಂತ ಸ್ಕ್ಯಾನರ್‌ನಲ್ಲಿ ನೋಡದೆ ಕಳಿಸಬೇಡಿ. ನೇರ ಹೋಗುವಾಗಲೂ ಅದು ಐದಾರು ಡಿಗ್ರಿ ತೋರಿಸುತ್ತಿದ್ದರೆ, ಡ್ರೈವರ್ ತಿರುಗಿಸುತ್ತಿದ್ದಾನೆ, ಗಾಡಿ ತಿರುಗುತ್ತಿಲ್ಲ ಅಂತ ಕಂಪ್ಯೂಟರ್ ತಿಳಿಯುತ್ತದೆ. ಆಗ ಲೈಟ್ ಹಾಕಿ ಸುಮ್ಮನಾಗಬಹುದು, ಇಲ್ಲವೇ ಬೇಡದ ಹೊತ್ತಲ್ಲಿ ಒಂದು ಚಕ್ರಕ್ಕೆ ಬ್ರೇಕ್ ಹಿಡಿಯಬಹುದು. ಸೊನ್ನೆ ಮಾಡಲು ಐದು ನಿಮಿಷ ಸಾಕು, ಅದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.