ಕೊಡಗಿನ ಹಸಿರನ್ನು ಬೆಳ್ಳಗೆ ತೆಗೆಯುವುದು ಹೇಗೆ?

ಮಡಿಕೇರಿಯ ರಾಜಾಸೀಟಿನಲ್ಲಿ ಬೆಳಗಿನ ಆರಕ್ಕೇ ಟ್ರೈಪಾಡ್ ನಿಲ್ಲಿಸಿ, ಲೆನ್ಸಿಗೆ ಇನ್‌ಫ್ರಾರೆಡ್ ಫಿಲ್ಟರ್ ಹಾಕಿ ಕಾಯುವವರನ್ನು ನೋಡಿದ್ದೇನೆ. ಕಣ್ಣಿಗೆ ಕಾಣುವ ಬೆಳಕನ್ನು ತಡೆದು, ಕಾಣದ ಇನ್‌ಫ್ರಾರೆಡ್ ಬೆಳಕನ್ನು ಮಾತ್ರ ಬಿಡುವ ಗಾಜು ಅದು. ಹಸಿರೆಲೆ ಆ ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುವುದರಿಂದ ಫೋಟೊದಲ್ಲಿ ಬೆಳ್ಳಗೆ ಬರುತ್ತದೆ. ಮಂಜಿನ ಆಚೆಯದ್ದೂ ಕಾಣುತ್ತದೆ ಅಂತ ಯಾರೋ ಹೇಳಿರುತ್ತಾರೆ. ಕಾಣುವುದಿಲ್ಲ. ದೂರದ ಬೆಟ್ಟದ ಮೇಲಿನ ತೆಳು ಮಬ್ಬು ಕಡಿಮೆಯಾಗುತ್ತದೆ, ನಿಜ. ಮಂಜಿನ ನೀರಹನಿಗಳ ಮುಂದೆ ಅದರ ಆಟ ನಡೆಯುವುದಿಲ್ಲ.

ಇದಕ್ಕೆ ಬೇಕಾದದ್ದು ನೆತ್ತಿಯ ಮೇಲಿನ ಬಿಸಿಲು. ಬೇರೆ ಫೋಟೊಗ್ರಾಫರುಗಳು ಊಟಕ್ಕೆ ಹೋಗುವ ಹೊತ್ತಿಗೆ ನೀವು ಗದ್ದೆಗೆ ಇಳಿಯಿರಿ. ಮಳೆ ಹಿಂದೆ ಸರಿದು, ಭತ್ತ ಇನ್ನೂ ಹಸಿರಾಗಿರುವ ದಿನಗಳೇ ಸರಿ. ಸುಗ್ಗಿ ಹಬ್ಬ ಹುತ್ತರಿಯ ಹೊತ್ತಿಗೆ ಪೈರು ಒಣಗಿರುತ್ತದೆ, ಆ ಬಿಳುಪು ಸಿಗುವುದಿಲ್ಲ.

ಮೊದಲು ನಿಮ್ಮ ಕ್ಯಾಮೆರಾ ಈ ಕೆಲಸಕ್ಕೆ ಆಗುತ್ತದಾ ನೋಡಿ. ಟಿವಿ ರಿಮೋಟನ್ನು ಅದರ ಕಡೆ ಹಿಡಿದು ಬಟನ್ ಒತ್ತಿ. ರಿಮೋಟಿನಿಂದ ಬರುವುದೂ ಇನ್‌ಫ್ರಾರೆಡ್ ಬೆಳಕೇ. ಪರದೆಯಲ್ಲಿ ಚುಕ್ಕೆ ಮಿನುಗಿದರೆ ಆಗುತ್ತದೆ. ಫಿಲ್ಟರ್ 720 ನ್ಯಾನೊಮೀಟರ್‌ನದ್ದು ತಗೊಳ್ಳಿ, ಅಂದರೆ ಸುಮಾರು ಅದಕ್ಕಿಂತ ಉದ್ದ ಅಲೆಯ ಬೆಳಕನ್ನು ಮಾತ್ರ ಬಿಡುವಂಥದ್ದು. ತೀರಾ ಅಗ್ಗದ್ದು ಬೇಡ. ನಾನು ಕೊಂಡ ಒಂದರಲ್ಲಿ ಬರೀ ಕೆಂಪು ಬಣ್ಣ ಬಂತು, ಅಷ್ಟೆ. ಎಲೆಯನ್ನು ಬೆಳ್ಳಗೆ ಮಾಡಿಕೊಡುವ ಮೊಬೈಲ್ ಆ್ಯಪ್‌ಗಳ ಮಾತೇ ಬೇಡ. ಅವು ಹಸಿರು ಪೇಂಟ್ ಬಳಿದ ಗೇಟನ್ನೂ ಬೆಳ್ಳಗೆ ಮಾಡುತ್ತವೆ!

ಎಲ್ಲರೂ ಎಡವುವುದು ಫೋಕಸ್‌ನಲ್ಲಿ. ಫಿಲ್ಟರ್ ಹಾಕಿದ ಮೇಲೆ ಡಿಎಸ್ಎಲ್ಆರ್ ಕ್ಯಾಮೆರಾದ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕತ್ತಲು ಬಿಟ್ಟು ಏನೂ ಕಾಣದು. ಅದಕ್ಕೇ ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸಿ, ಫಿಲ್ಟರ್ ಇಲ್ಲದೆ ಗದ್ದೆ ಬದುವಿನ ಮರಕ್ಕೆ ಫೋಕಸ್ ಮಾಡಿ. ಆಟೊಫೋಕಸ್ ಆಫ್ ಮಾಡಿ. ಇಲ್ಲಿಗೇ ನಿಲ್ಲಿಸಬೇಡಿ. ಇನ್‌ಫ್ರಾರೆಡ್ ಬೆಳಕು ಲೆನ್ಸಿನಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಸೇರುತ್ತದೆ. ಹಾಗಾಗಿ ಲೆನ್ಸಿನ ಫೋಕಸ್ ಬಳೆಯನ್ನು, ಹತ್ತಿರದ ವಸ್ತುವಿಗೆ ಫೋಕಸ್ ಆಗುವ ಕಡೆಗೆ, ಕೂದಲೆಳೆಯಷ್ಟು ತಿರುಗಿಸಿ. ಹಳೇ ಲೆನ್ಸುಗಳಲ್ಲಿ ಇದಕ್ಕೇ ಅಂತ ಕೆಂಪು ಗುರುತು ಇರುತ್ತಿತ್ತು. ಈಗ ಬಳೆ ಮುಟ್ಟದೆ ಮೆಲ್ಲಗೆ ಫಿಲ್ಟರ್ ತಿರುಗಿಸಿ ಹಾಕಿ. ಭಾಗಮಂಡಲದ ಹತ್ತಿರ ಒಮ್ಮೆ ಫಿಲ್ಟರ್ ಜೊತೆ ಬಳೆಯೂ ತಿರುಗಿದ್ದು ನನಗೆ ಗೊತ್ತೇ ಆಗಲಿಲ್ಲ. ಇಡೀ ಮಧ್ಯಾಹ್ನದ ಫೋಟೊ ಮಸುಕು. ಆಮೇಲಿಂದ ಬಳೆಗೆ ಒಂದು ತುಂಡು ಟೇಪ್ ಅಂಟಿಸುತ್ತೇನೆ.

ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ನುಗ್ಗುವ ತೂತು, ಎಫ್8 ಇಡಿ. ತೂತು ಇನ್ನೂ ಚಿಕ್ಕದು ಮಾಡಿ ಎಫ್16ಕ್ಕೆ ಹೋದರೆ ಕೆಲವು ಲೆನ್ಸುಗಳಲ್ಲಿ ಫೋಟೊದ ನಡುವೆ ಬೆಳಕಿನ ಕಲೆ ಎದ್ದು ಕಾಣುತ್ತದೆ. ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಐಎಸ್ಒ 200 ಇರಲಿ. ಶಟರ್ ತೆರೆದಿರುವ ಹೊತ್ತನ್ನು ಹತ್ತು ಸೆಕೆಂಡಿನಿಂದ ಶುರು ಮಾಡಿ, ಸಾಲದಿದ್ದರೆ ಹೆಚ್ಚಿಸಿ. ಕಿಂಡಿಯನ್ನು ಕರವಸ್ತ್ರದಿಂದ ಮುಚ್ಚಿ, ಹಿಂದಿನಿಂದಲೂ ಬೆಳಕು ನುಗ್ಗುತ್ತದೆ. ಗಾಳಿಗೆ ಭತ್ತ ಹತ್ತಿ ಹಿಂಜಿದ ಹಾಗೆ ಬರುತ್ತದೆ. ನನಗಂತೂ ಅದೇ ಇಷ್ಟ.

ಫಿಲ್ಟರ್ ಹಾಕಿಕೊಂಡೇ ಬಿಸಿಲಿನ ಹುಲ್ಲಿಗೆ ಕ್ಯಾಮೆರಾ ಹಿಡಿದು ವೈಟ್ ಬ್ಯಾಲೆನ್ಸ್ (ಯಾವುದನ್ನು ಬಿಳಿ ಅಂತ ಕ್ಯಾಮೆರಾ ಎಣಿಸಬೇಕು ಅನ್ನುವುದು) ಸೆಟ್ ಮಾಡಿ, ಆಮೇಲೆ ಚೆನ್ನಾಗಿ ತಿದ್ದಲು ಬರುವ ರಾ ಫೈಲ್‌ನಲ್ಲೇ ತೆಗೆಯಿರಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಫೋಟೊದ ಕೆಂಪು, ನೀಲಿ ಬಣ್ಣದ ಪದರಗಳನ್ನು (ಚಾನೆಲ್) ಅದಲುಬದಲು ಮಾಡಿ ಆಕಾಶ ನೀಲಿ ಮಾಡುವವರಿದ್ದಾರೆ. ನನ್ನ ಕೇಳಿದರೆ ಕಪ್ಪು ಬಿಳುಪೇ ಸಾಕು.

ಹಾಂ, ಕಾಫಿ ಹೂ ಬಿಟ್ಟಾಗ ಮಾತ್ರ ಈ ಫಿಲ್ಟರ್ ಮನೆಯಲ್ಲೇ ಇರಲಿ. ಎಲೆಯೂ ಬಿಳಿ, ಹೂವೂ ಬಿಳಿ. ತೋಟ ತುಂಬಾ ಹೂವಿದ್ದರೂ ಫೋಟೊದಲ್ಲಿ ಹುಡುಕಬೇಕಾಗುತ್ತದೆ.