ಕಾನಿನಲ್ಲಿ ಕಾಲುದಾರಿ ತೆಗೆದದ್ದು

ಜಾಗದ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಶನಿವಾರವೇ ಬೈಕುಗಳ ಸಾಲು ಬಂದು ನಿಲ್ಲುತ್ತದೆ. ಶರಾವತಿಗೂ ಅಘನಾಶಿನಿಗೂ ನಡುವಿನ ಘಟ್ಟದ ಒಂದು ತುಂಡು ಅಂದುಕೊಳ್ಳಿ. ಕೆಳಗೆ ದಟ್ಟ ಕಾನು, ಅದರ ಮೇಲೆ ಹುಲ್ಲಿನ ಬ್ಯಾಣ, ತುದಿಯಲ್ಲಿ ಬಂಡೆ. ಎಲ್ಲವೂ ಅಭಯಾರಣ್ಯದ ಒಳಗೇ ಬರುತ್ತದೆ. ತುದಿಗೆ ಹೋಗುವ ಹಳೇ ದಾರಿ ಪೂರಾ ಹಾಳಾಗಿತ್ತು. ಅದನ್ನು ಮುಚ್ಚಿ ಬೇರೆ ದಾರಿ ತೆಗೆಯುವ ಕೆಲಸ ನಮ್ಮೂರಿನ ಸಮಿತಿಗೆ ಬಂತು. ನಾನು ಸಿವಿಲ್ ಡಿಪ್ಲೊಮಾ ಮಾಡಿ, ಕೆಲವು ವರ್ಷ ರಸ್ತೆ ಕಂಟ್ರಾಕ್ಟಿನಲ್ಲಿ ದುಡಿದು, ಈಗ ಅಡಿಕೆ ತೋಟ ನೋಡಿಕೊಂಡಿರುವವನು. ಹಾಗಾಗಿ ಮೇಸ್ತ್ರಿ ಕೆಲಸ ನನ್ನ ಹೆಗಲಿಗೆ ಬಿತ್ತು.

ಹಳೇ ದಾರಿಯನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ತುದಿ ಕಾಣುತ್ತದೆ, ನೆಟ್ಟಗೆ ಹತ್ತಿದರು, ಅಷ್ಟೇ. ಗುಡ್ಡವನ್ನು ನೆಟ್ಟಗೆ ಹತ್ತುವ ದಾರಿ ಮಳೆಗಾಲದಲ್ಲಿ ಹಳ್ಳವಾಗುತ್ತದೆ. ನಮ್ಮದು ಮಳೆಯ ಸೀಮೆ. ಇದೇ ಘಟ್ಟದ ಸಾಲಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ. ನೀರು ಮೊದಲು ದರಕನ್ನು, ಅಂದರೆ ನೆಲಕ್ಕೆ ಬಿದ್ದ ಒಣ ಎಲೆಯನ್ನು, ಒಯ್ಯುತ್ತದೆ, ಆಮೇಲೆ ಮೇಲ್ಮಣ್ಣು. ಕೊನೆಗೆ ಬೇರು, ಕಲ್ಲು ಮಾತ್ರ ಉಳಿಯುತ್ತವೆ. ಜನ ಜಾರುತ್ತಾರೆ. ಜಾರುವ ಭಯಕ್ಕೆ ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ. ಮುಂದಿನ ಮಳೆಗೆ ಆ ಪಕ್ಕವೂ ಹಳ್ಳ. ಹೀಗೆ ಬ್ಯಾಣದಲ್ಲಿ ಒಂದು ದಾರಿ ಇದ್ದ ಕಡೆ ನಾಲ್ಕೈದು ದಾರಿ ಅಕ್ಕಪಕ್ಕ ಬಿದ್ದಿದ್ದವು, ದೂರದಿಂದ ನೋಡಿದರೆ ಗುಡ್ಡವನ್ನು ಯಾರೋ ಪರಚಿದ ಹಾಗೆ.

ಜನ ಕಡಿಮೆ ಮಾಡಿದರೆ ಸರಿ ಹೋಗುತ್ತದೆ ಅನ್ನುವವರಿದ್ದಾರೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಾತ್ರೆಯಾದ ಮೇಲೆ ಸರ್ಕಾರ ಚಾರಣವನ್ನೇ ಕೆಲಕಾಲ ನಿಲ್ಲಿಸಿತು, ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ ಎಲ್ಲ ಬಂತು. ಅದು ಬೇಕಾದ್ದೇ. ಆದರೆ ದಾರಿಯೇ ತಪ್ಪು ಜಾಗದಲ್ಲಿದ್ದರೆ ಹತ್ತು ಜನ ನಡೆದರೂ ಅದು ಹಳ್ಳವಾಗುತ್ತದೆ. ನನ್ನ ಮಟ್ಟಿಗೆ ನೀರಿಗೂ ಜನಕ್ಕೂ ಒಂದೇ ಬುದ್ಧಿ. ಇಬ್ಬರೂ ಸುಲಭದ ಅಡ್ಡದಾರಿ ಹುಡುಕುತ್ತಾರೆ. ಅಡ್ಡದಾರಿ ಹಿಡಿಯಲು ಇಬ್ಬರಿಗೂ ಕಾರಣ ಸಿಗದಂತೆ ನೋಡಿಕೊಳ್ಳುವುದೇ ಈ ಕೆಲಸ.

ಅನುಮತಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅಭಯಾರಣ್ಯದೊಳಗೆ ನಮ್ಮಿಷ್ಟಕ್ಕೆ ಒಂದು ಪೊದೆ ಕಡಿಯುವ ಹಾಗೂ ಇಲ್ಲ, ಗುದ್ದಲಿ ಹಾಕುವ ಹಾಗೂ ಇಲ್ಲ. ಕಾಗದ ಪತ್ರವೆಲ್ಲ ಇಲಾಖೆಯದು, ಕೆಲಸ ನಡೆಯುವಾಗ ಗಾರ್ಡ್ ಜೊತೆಗೇ ಇರುತ್ತಿದ್ದರು. ನಮಗೆ ಹಾಕಿದ ಷರತ್ತು ಸರಳ: ಮರ ಕಡಿಯಬಾರದು, ಜೆಸಿಬಿ ಇಲ್ಲ, ಸಿಮೆಂಟ್ ಇಲ್ಲ, ಹೊರಗಿನ ಜಲ್ಲಿ ಮಣ್ಣು ಒಳಗೆ ತರಬಾರದು. ಕೊನೆಯದಕ್ಕೆ ಕಾರಣವಿದೆ. ಹೊರಗಿನ ಮಣ್ಣಿನ ಜೊತೆ ಯುಪಟೋರಿಯಂ, ಲಂಟಾನದಂಥ ಕಳೆಗಳ ಬೀಜ ಬರುತ್ತದೆ. ಅದಕ್ಕೇ ಹಾರೆ, ಗುದ್ದಲಿ, ಬೂಟುಗಳನ್ನೂ ಕಾನಿನ ಹೊರಗೇ ತೊಳೆದು ಒಳಗೆ ಹೋಗುತ್ತಿದ್ದೆವು.

ಅಗೆಯುವುದಕ್ಕಿಂತ ಜಾಸ್ತಿ ಸಮಯ ಹೋದದ್ದು ದಾರಿ ಹುಡುಕುವುದರಲ್ಲಿ. ಮೊದಲು ಎಲ್ಲಿ ಹೋಗಬಾರದು ಅಂತ ಗುರುತು ಮಾಡಿಕೊಂಡೆವು. ಕಾನಿನ ತಗ್ಗಿನಲ್ಲಿ ಒಂದು ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು, ಇದೆ. ವರ್ಷವಿಡೀ ಕೆಸರು, ಆ ಕೆಸರಿನಿಂದ ಮಂಡಿ ಮಡಚಿದಂತೆ ಮೇಲೆದ್ದ ಬೇರುಗಳು. ಆ ಬೇರುಗಳು ಉಸಿರಾಡಲು ಮೇಲೆ ಬರುವಂಥವು. ಅವುಗಳ ಮೇಲೆ ಬೂಟು ಕಾಲು ಬೀಳುತ್ತಾ ಹೋದರೆ ಮರಕ್ಕೆ ಉಳಿಗಾಲವಿಲ್ಲ. ಅಲ್ಲಿ ಮರದ ಹಲಗೆ ಸೇತುವೆ ಹಾಕಿದರೆ ಫೋಟೋಗೆ ಚೆನ್ನಾಗಿರುತ್ತದೆ ಅಂತ ಒಬ್ಬರು ಸೂಚಿಸಿದರು. ಚೆನ್ನಾಗಿರುತ್ತದೆ ಅನ್ನುವುದೇ ತೊಂದರೆ ಅಲ್ವಾ? ಜನ ನಿಲ್ಲುತ್ತಾರೆ, ಇಳಿಯುತ್ತಾರೆ. ಜಡ್ಡಿ ಕಣ್ಣಿಗೇ ಬೀಳದಷ್ಟು ದೂರದಿಂದ ಸುತ್ತಿಸಿ ದಾರಿ ಒಯ್ದೆವು.

ಇನ್ನೊಂದು ಜಾಗ ಹಳ್ಳ. ನಮ್ಮ ಕಡೆಯ ಕತ್ತಲೆಕಾನಿನಲ್ಲಿ ಸಿಕ್ಕಿ, 2014ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದ ಅಂತ ಹೆಸರಿಟ್ಟ ಕುಂಬಾರ ಕಪ್ಪೆಯ ಬಗ್ಗೆ ಕೇಳಿರಬಹುದು. ಮಳೆಗಾಲದ ರಾತ್ರಿ ಹಳ್ಳದ ಕಡ್ಡಿಗಳ ಮೇಲೆ ಮೊಟ್ಟೆ ಇಟ್ಟಾದ ಮೇಲೆ, ಗಂಡು ಮುಂಗಾಲಿನಲ್ಲಿ ಕೆಸರು ಎತ್ತಿ ತಂದು ಆ ಮೊಟ್ಟೆಗಳಿಗೆ ಮೆತ್ತುತ್ತದೆ. ಟಾರ್ಚ್ ಬೆಳಕಿನಲ್ಲಿ ನೋಡಿದರೆ ಕಡ್ಡಿಗೆ ಒಂದಿಷ್ಟು ಮಣ್ಣು ಅಂಟಿದ ಹಾಗೆ ಕಾಣುತ್ತದೆ, ಅಷ್ಟೇ. ಹಳ್ಳದ ದಂಡೆ ಸವರಿ ಚೊಕ್ಕ ಮಾಡುವವನಿಗೆ ಅದು ಕಸ. ಹಾಗಾಗಿ ಹಳ್ಳ ದಾಟುವುದು ಒಂದೇ ಕಡೆ, ಅದೂ ಬರೀ ಬಂಡೆ ಇರುವಲ್ಲಿ, ದಂಡೆಯ ಒಂದು ಕಡ್ಡಿಯನ್ನೂ ಮುಟ್ಟದೆ ಅಂತ ತೀರ್ಮಾನಿಸಿದೆವು. ಕಾಲುಸಂಕ ಹಾಕಲಿಲ್ಲ. ಮಳೆಗಾಲದಲ್ಲಿ ಚಾರಣವೇ ಬಂದ್ ಇರುವ ಜಾಗಕ್ಕೆ ಸಂಕ ಯಾಕೆ? ಉಳಿದ ದಿನ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು.

ನಮ್ಮ ತಂಡದಲ್ಲಿ ಒಬ್ಬ ಅಜ್ಜ ಇದ್ದರು. ಜೀವಮಾನವಿಡೀ ಅದೇ ಕಾನಿನಲ್ಲಿ ಉಪ್ಪಾಗೆ, ಮುರುಗಲು ಆರಿಸಿದವರು. ಒಂದು ದಿನ ಕಾಟಿಗಳು, ಅಂದರೆ ಕಾಡುಕೋಣಗಳು, ತಿರುಗುವ ದಾರಿ ತೋರಿಸಿದರು. ಎಷ್ಟು ಚೆಂದದ ಏರು ಅಂದರೆ, ಅಳತೆ ಹಿಡಿದರೂ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ನನಗೆ ಅದನ್ನೇ ಹಿಡಿದುಬಿಡುವ ಆಸೆಯಾಯಿತು. ಅಜ್ಜ ನಕ್ಕರು.

"ನೋಡಿ ಕಲಿ ತಮಾ, ಕಸ್ಕೋಬೇಡ. ಅವಕ್ಕೆ ಬೇರೆ ದಾರಿ ಮಾಡ್ಕೊಡೋಕೆ ಸಮಿತಿ ಇಲ್ಲ."

ಕಾಟಿ ದಾರಿಯಿಂದ ಸಾಕಷ್ಟು ಮೇಲೆ ನಮ್ಮದನ್ನು ಹಾಕಿದೆವು. ಒಂದು ಕಡೆ ದಾಟಲೇಬೇಕಾಯಿತು. ಅಲ್ಲಿ ಎರಡೂ ಬದಿ ದೂರದವರೆಗೆ ಕಾಣುವ ಜಾಗ ಆರಿಸಿದೆವು, ಎದುರುಬದುರಾದರೆ ಇಬ್ಬರಿಗೂ ಹಿಂದೆ ಸರಿಯಲು ಹೊತ್ತು ಸಿಗಲಿ ಅಂತ.

ಅಳತೆಗೆ ದುಬಾರಿ ಉಪಕರಣ ಏನೂ ಇರಲಿಲ್ಲ. ಗಾರೆ ಕೆಲಸದವರ ಲೆವೆಲ್ ಪೈಪು, ಎರಡು ಅಳತೆಕೋಲು, 10 ಮೀಟರ್ ಹಗ್ಗ. ಪೈಪಿನ ಎರಡೂ ತುದಿಯ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದಲ್ಲ, ಅಲ್ಲಿಂದ ಎರಡೂ ಕೋಲಿನ ವ್ಯತ್ಯಾಸ ಓದಬೇಕು. 10 ಮೀಟರಿಗೆ 80 ಸೆಂಟಿಮೀಟರ್ ಏರಿದರೆ ಶೇಕಡಾ 8ರ ಏರು. ನಾವು ಸರಾಸರಿ 10ರೊಳಗೆ ಇರಲು ನೋಡಿದೆವು, ಬಂಡೆ ಅಡ್ಡ ಬಂದಲ್ಲಿ ಮಾತ್ರ ಸ್ವಲ್ಪ ದೂರ 15ರವರೆಗೆ. ಇದರ ಜೊತೆ ಇನ್ನೊಂದು ಲೆಕ್ಕ ಇದೆ, ದಾರಿ ತೆಗೆಯುವವರು ಎಲ್ಲ ಕಡೆ ಪಾಲಿಸುವಂಥದ್ದು: ದಾರಿಯ ಏರು ಗುಡ್ಡದ ಇಳುಕಲಿನ ಅರ್ಧಕ್ಕಿಂತ ಕಡಿಮೆ ಇರಬೇಕು. ಗುಡ್ಡ ಶೇಕಡಾ 30 ಇದ್ದರೆ ದಾರಿ 15 ದಾಟಬಾರದು. ಅರ್ಧ ದಾಟಿತೋ, ನೀರು ದಾರಿಯನ್ನು ಅಡ್ಡ ದಾಟಿ ಕೆಳಗೆ ಹೋಗುವ ಬದಲು ದಾರಿಯನ್ನೇ ಹಿಡಿದು ಓಡುತ್ತದೆ. ಸಮತಟ್ಟು ಜಾಗ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದೇ ಕೆಟ್ಟದ್ದು. ಅಲ್ಲಿ ನೀರು ನಿಲ್ಲುತ್ತದೆ, ಜನ ಕೆಸರು ತಪ್ಪಿಸಲು ಪಕ್ಕಕ್ಕೆ ಸರಿಯುತ್ತಾರೆ, ಎರಡಡಿಯ ದಾರಿ ಹತ್ತಡಿಯಾಗುತ್ತದೆ. ನಾವು ಬೇಕಂತಲೇ ಗುಡ್ಡದ ಪಕ್ಕೆ ಹಿಡಿದೆವು.

ಗುರುತಿಗೆ ಹಳೇ ಸೀರೆ ಹರಿದು ಚೂರು ಕಟ್ಟಿದೆವು. ಪ್ಲಾಸ್ಟಿಕ್ ರಿಬ್ಬನ್ ಬಿದ್ದು ಉಳಿದರೆ ಕಷ್ಟ. ಒಂದೇ ಸಲ ಗುರುತು ಹಾಕಿ ಅಗೆಯಲು ಕೂರಬಾರದು. ಕೆಳಗಿನಿಂದ ಹತ್ತುವಾಗ ಸರಿ ಕಂಡದ್ದು ಮೇಲಿಂದ ಇಳಿಯುವಾಗ ಬೇರೆಯೇ ಕಾಣುತ್ತದೆ. ಒಂದು ಜೋರು ಮಳೆಯಲ್ಲೂ ಆ ಗುರುತಿನ ಗುಂಟ ನಡೆದು ನೋಡಿದೆವು. ರಕ್ತ ಹೀರುವ ಉಂಬಳ ಕಾಲ ತುಂಬ ಹತ್ತಿದವು, ಆದರೆ ಬೇಸಿಗೆಯಲ್ಲಿ ಕಾಣದ ಎರಡು ಒರತೆಗಳು ಅವತ್ತು ಕಂಡವು.

ಅಗೆತ ಶುರುವಾದದ್ದು ಮಳೆ ನಿಂತ ಮೇಲೆ, ಮಣ್ಣು ಇನ್ನೂ ತೇವ ಇರುವಾಗ. ಬೇಸಿಗೆಗೆ ಮುಂದೂಡಿದರೆ ಜಂಬಿಟ್ಟಿಗೆ ಮಣ್ಣಿಗೆ ಪಿಕಾಸಿಯೂ ಇಳಿಯುವುದಿಲ್ಲ, ಕಾಡಿನವರಿಗೆ ಬೆಂಕಿ ಕಾಯುವ ಕೆಲಸ ಬೇರೆ. ಮೊದಲು ದರಕನ್ನು ಕೈಯಲ್ಲೇ ಎಳೆದು ಮೇಲಿನ ಬದಿಗೆ ರಾಶಿ ಹಾಕುತ್ತಿದ್ದೆವು. ದರಕು ಸುಮ್ನೆ ಒಣಗಿದ ಎಲೆ ಅಲ್ಲ. ಕೆಲವು ಪೊದೆಗಪ್ಪೆಗಳು ಅದರೊಳಗೇ ಮೊಟ್ಟೆ ಇಡುತ್ತವೆ, ಅಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲದೆ ಮರಿ ನೇರ ಹೊರಬರುತ್ತದೆ. ಆಮೇಲೆ ಮೇಲ್ಮಣ್ಣು ಬೇರೆ ರಾಶಿ. ಕೊನೆಗೆ ದರೆ, ಅಂದರೆ ಗುಡ್ಡದ ಪಕ್ಕೆಯ ಮಣ್ಣು, ಕಡಿಯುವುದು.

ರಸ್ತೆ ಕೆಲಸದಲ್ಲಿ ಮೇಲೆ ಕಡಿದ ಮಣ್ಣನ್ನು ಕೆಳಬದಿಗೆ ತುಂಬಿ ಅಗಲ ಮಾಡುತ್ತೇವೆ. ಅಲ್ಲಿ ರೋಲರ್ ಓಡಿಸಬಹುದು, ಇಲ್ಲಿ ಆಗುವುದಿಲ್ಲ. ಸಡಿಲ ಮಣ್ಣು ಮೊದಲ ಮಳೆಗೇ ಕುಸಿಯುತ್ತದೆ. ಅದಕ್ಕೇ ಕಾಲಿಡುವ ಅಷ್ಟೂ ಅಗಲವನ್ನು ಗುಡ್ಡದ ಗಟ್ಟಿ ಮಣ್ಣಿನಲ್ಲೇ ಕಡಿದೆವು. ಅಗಲ 60 ಸೆಂಟಿಮೀಟರ್, ಅಂದರೆ ಒಬ್ಬರ ಹಿಂದೆ ಒಬ್ಬರು. ಗುಡ್ಡ ಶೇಕಡಾ 50 ಇದ್ದಲ್ಲಿ ಒಳಬದಿಯ ದರೆ 30 ಸೆಂಟಿಮೀಟರ್ ಎತ್ತರ ಬರುತ್ತದೆ. ಕಡಿದ ಮಣ್ಣನ್ನು ಒಂದೇ ಕಡೆ ಸುರಿಯದೆ ಬಾಣಲಿಯಲ್ಲಿ ಎಸೆದು ಕೆಳಗೆ ಚೆದುರಿಸಬೇಕು, ಮೇಲೆ ಅದೇ ದರಕು ಹರಡಬೇಕು. ದೊಡ್ಡ ಮರದ ಬುಡದ ಕೆಳಗಿಂದ ಕಡಿದರೆ ಬೇರು ಹೋಗಿ ಮರ ವಾಲುತ್ತದೆ, ಹಾಗಾಗಿ ಮೇಲಿನ ಬದಿಯಿಂದ, ಸ್ವಲ್ಪ ದೂರ ಬಿಟ್ಟು ಸಾಗಿದೆವು.

60 ಸೆಂಟಿಮೀಟರ್ ಸಾಕೇ ಅಂತ ಬಂದವರೆಲ್ಲ ಕೇಳಿದರು. ಸಾಕು. ತಲೆಯ ಮೇಲೆ ಸಿಂಗಳೀಕಗಳಿವೆ. ಅವು ಮರದಿಂದ ಮರಕ್ಕೇ ಓಡಾಡುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ದಾರಿ ಅಗಲವಾಗಿ ಮೇಲಿನ ಕೊಂಬೆಗಳ ಸಂಪರ್ಕ ತಪ್ಪಿದರೆ ಕೆಳಗಿಳಿದೇ ದಾಟಬೇಕು. ಬಿಸಿಲು ಬಿದ್ದಲ್ಲಿ ಯುಪಟೋರಿಯಂ ಬೇರೆ ಏಳುತ್ತದೆ.

ನೀರಿನ ಕೆಲಸದಲ್ಲಿ ನಮ್ಮೂರಿನವರಿಗೆ ಹೇಳಿಕೊಡುವುದೇನೂ ಇರಲಿಲ್ಲ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದ ಕೈಗಳು. ವ್ಯತ್ಯಾಸ ಒಂದೇ: ತೋಟದಲ್ಲಿ ನೀರನ್ನು ಒಟ್ಟು ಸೇರಿಸಿ ಹೊರಗೆ ಒಯ್ಯುತ್ತೇವೆ, ಇಲ್ಲಿ ಒಟ್ಟು ಸೇರಲು ಬಿಡಲೇಬಾರದು. ಅದಕ್ಕೆ ಎರಡು ಉಪಾಯ. ದಾರಿಯನ್ನು ಹೊರಬದಿಗೆ ಶೇಕಡಾ 5ರಷ್ಟು ವಾಲಿಸುವುದು ಮೊದಲನೆಯದು. ಎರಡನೆಯದು, ಏರುತ್ತಾ ಹೋಗುವ ದಾರಿಯನ್ನು ಅಲ್ಲಲ್ಲಿ ಎರಡು ಮೂರು ಹೆಜ್ಜೆ ಇಳಿಸಿ ಮತ್ತೆ ಏರಿಸುವುದು. ಆ ತಗ್ಗಿನಲ್ಲಿ ನೀರು ಹೊರಗೆ ಬಿದ್ದೇ ಹೋಗಬೇಕು. ನಡೆಯುವವರಿಗೆ ಅದು ಗೊತ್ತೂ ಆಗುವುದಿಲ್ಲ. ಅಡ್ಡ ಮರದ ದಿಮ್ಮಿ ಹಾಕಿ ನೀರು ತಿರುಗಿಸುವ ಕ್ರಮವೂ ಇದೆ, ನನಗೆ ಇಷ್ಟವಿಲ್ಲ. ದಿಮ್ಮಿ ಕೊಳೆಯುತ್ತದೆ, ಅದರ ಹಿಂದೆ ಮಣ್ಣು ತುಂಬುತ್ತದೆ, ಜನ ಅದನ್ನು ಸುತ್ತುವರಿದು ನಡೆಯುತ್ತಾರೆ.

ತಿರುವುಗಳ ಬಗ್ಗೆ ಎರಡು ಮಾತು. ಹೇರ್‌ಪಿನ್ ತಿರುವು ಇದ್ದಲ್ಲೆಲ್ಲ ಹುಡುಗರು ನಡುವೆ ನೆಗೆದು ಇಳಿಯುತ್ತಾರೆ. ಬೋರ್ಡು ಹಾಕಿ ತಡೆಯುವುದು ಆಗದ ಮಾತು. ಕೆಳಗಿನ ದಾರಿ ಕಾಣದಂತೆ ಬಂಡೆಯ ಹಿಂದೆಯೋ ದಟ್ಟ ಪೊದೆಯ ಹಿಂದೆಯೋ ತಿರುವು ಇಟ್ಟರೆ ನೆಗೆಯುವ ಯೋಚನೆಯೇ ಬರುವುದಿಲ್ಲ. ಮೇಲಿನ ಬ್ಯಾಣದಲ್ಲಿ ಮರೆ ಇಲ್ಲ, ಅಲ್ಲಿ ತಿರುವನ್ನೇ ಬಿಟ್ಟು ಉದ್ದಕ್ಕೆ ಓರೆಯಾಗಿ ಹತ್ತಿಸಿದೆವು.

ಹೊಸ ದಾರಿ ತೆಗೆದದ್ದಕ್ಕಿಂತ ಹಳೆಯದನ್ನು ಮುಚ್ಚಿದ್ದರ ಬಗ್ಗೆ ನನಗೆ ಜಾಸ್ತಿ ಸಮಾಧಾನ. ಕೊರಕಲಿಗೆ ಅಡ್ಡಡ್ಡ ಕಲ್ಲಿನ ಸಣ್ಣ ಒಡ್ಡು ಕಟ್ಟಿದೆವು, ಮಣ್ಣು ಅಲ್ಲೇ ಕೂರಲಿ ಅಂತ. ತುಳಿದು ಗಟ್ಟಿಯಾದ ನೆಲವನ್ನು ಹಾರೆಯಿಂದ ಸಡಿಲಿಸಿ, ಹೊಸ ದಾರಿಯಲ್ಲಿ ಎದ್ದ ಹುಲ್ಲಿನ ಹೆಂಟೆಗಳನ್ನು ತಂದು ಕೂರಿಸಿದೆವು. ಕಾನಿನ ಭಾಗದಲ್ಲಿ ಬಿದ್ದ ಕೊಂಬೆ, ಮುಳ್ಳು ಎಳೆದು ಹಾಕಿದೆವು. ಮೇಲೂ ಕೆಳಗೂ ದಾರಿ ಶುರುವಾಗುವ ಮೊದಲ 30 ಮೀಟರ್ ಪೂರ್ತಿ ಮರೆಯಾಗಬೇಕು. ಕಣ್ಣಿಗೆ ಕಂಡರೆ ತಾನೇ ಕಾಲು ಹೋಗುವುದು. ಬ್ಯಾಣದ ಖಾಲಿ ಜಾಗದಲ್ಲಿ ಸಸಿ ನೆಡೋಣ, ವನಮಹೋತ್ಸವ ಮಾಡೋಣ ಅಂತ ಒತ್ತಾಯ ಬಂತು. ಬ್ಯಾಣ ಖಾಲಿ ಜಾಗವಲ್ಲ, ಹುಲ್ಲೇ ಅಲ್ಲಿನ ಕಾಡು. ನೇರಳೆ, ಹೆಬ್ಬಲಸು, ಮುರುಗಲು ಏನಿದ್ದರೂ ಕಾನಿನೊಳಗಿನ ಹಳೇ ದಾರಿಗೆ ಮಾತ್ರ ಅಂದೆವು.

ಮೊದಲ ಮಳೆಗಾಲದಲ್ಲಿ ಎರಡು ಕಡೆ ದರೆ ಜಾರಿತು, ಕೆಲವು ತಗ್ಗುಗಳಲ್ಲಿ ಎಲೆ ತುಂಬಿ ನೀರು ಕಟ್ಟಿತು. ಇದು ನಿರೀಕ್ಷೆ ಇದ್ದದ್ದೇ. ಮೇ ಕೊನೆಯಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಒಂದಿಬ್ಬರು ಗುದ್ದಲಿ ಹಿಡಿದು ಪೂರ್ತಿ ನಡೆದು ತಗ್ಗು ಬಿಡಿಸಿದರೆ ಸಾಕು. ಆದರೆ ದಾರಿ ಮಾಡಲು ಹಣ ಸಿಗುತ್ತದೆ, ನೋಡಿಕೊಳ್ಳಲು ಸಿಗುವುದಿಲ್ಲ. ತುದಿಯಲ್ಲಿ ಮಂಟಪ ಕಟ್ಟಲು ಹಣ ಕೊಡಿಸುತ್ತೇವೆ ಅಂದವರಿದ್ದಾರೆ, ಎರಡು ಆಳಿನ ಕೂಲಿ ಕೊಡಿಸುತ್ತೇವೆ ಅಂದವರಿಲ್ಲ. ಈಗಂತೂ ನಾವೇ ಊರಿನವರು ತೋಟದ ಕೆಲಸ ಮುಗಿಸಿ ಹೋಗಿ ಬರುತ್ತಿದ್ದೇವೆ. ನಿಮ್ಮೂರಿಗೂ ಇಂಥ ಕೆಲಸ ಬಂದರೆ, ಮೊದಲ ಮೂರು ಮಳೆಗಾಲದ ಕೂಲಿಯನ್ನು ಎಸ್ಟಿಮೇಟಿನಲ್ಲೇ ಸೇರಿಸಿ ಬರೆಸಿಕೊಳ್ಳಿ. ಟೇಪು ಕತ್ತರಿಸಿ ಫೋಟೋ ತೆಗೆದಾದ ಮೇಲೆ ಕೇಳಿದರೆ ಯಾರೂ ಫೋನ್ ಎತ್ತುವುದಿಲ್ಲ.